ದೋಣಿ, ದೀಪ, ಕಾರಂಜಿಗಿಂತ ಮೊದಲು ನಮ್ಮ ಕೆರೆಗೆ ಬೇಕಾದದ್ದೇನು? ಜಕ್ಕೂರು ನೋಡಿ ಬಂದ ಮೇಲಿನ ಚರ್ಚೆ

ಏರಿ ನಡಿಗೆ (ಚರ್ಚೆ ಆರಂಭಿಸಿದವರು)

ಕಳೆದ ಭಾನುವಾರ ನಮ್ಮ ಬಡಾವಣೆಯ ಹದಿನಾಲ್ಕು ಮಂದಿ ಜಕ್ಕೂರು ಕೆರೆಗೆ ಹೋಗಿ ಬಂದೆವು. ಉತ್ತರ ಬೆಂಗಳೂರಿನ ನಮ್ಮ ಕೆರೆ ಸುಮಾರು 20 ಎಕರೆಯದು. ಬೇಲಿ, ನಡಿಗೆ ಪಥ, ಎರಡು ಗೇಟು, ಕೆಲವು ಸಿಮೆಂಟ್ ಬೆಂಚುಗಳು ಬಂದು ಆಗಲೇ ನಾಲ್ಕೈದು ವರ್ಷಗಳಾಗಿವೆ. ಈಗ ಸ್ವಲ್ಪ ಹಣ ಒದಗುವ ಸೂಚನೆ ಇರುವುದರಿಂದ ಅದನ್ನು ಯಾವುದಕ್ಕೆ ಬಳಸಬೇಕೆಂದು ಸಂಘದ ಸಭೆಯಲ್ಲಿ ಎರಡು ತಾಸು ಮಾತುಕತೆ ನಡೆಯಿತು. ಕೊನೆಗೆ ಪಥದುದ್ದಕ್ಕೂ ದೀಪ, ಪೆಡಲ್ ದೋಣಿ ಮತ್ತು ನಡುವೆ ಒಂದು ಕಾರಂಜಿ ಎಂಬ ಮೂರು ಬೇಡಿಕೆಗಳು ಉಳಿದವು. ಆ ಸಭೆಯಲ್ಲಿ ನಾನೂ ದೀಪಕ್ಕೆ ಕೈ ಎತ್ತಿದವನೇ.

ಜಕ್ಕೂರಿನಲ್ಲಿ ನೋಡಿದ್ದು ನನ್ನ ಲೆಕ್ಕವನ್ನು ಬದಲಿಸಿತು. ಅದು ಸುಮಾರು 160 ಎಕರೆಯ ಕೆರೆ, ನಮ್ಮದಕ್ಕೆ ಹೋಲಿಕೆಯೇ ಇಲ್ಲ. ಅದರ ತಲೆಭಾಗದಲ್ಲಿ ಜಲಮಂಡಳಿಯ ಕೊಳಚೆ ನೀರು ಶುದ್ಧೀಕರಣ ಘಟಕವಿದೆ; ಮೊದಲು ದಿನಕ್ಕೆ 1 ಕೋಟಿ ಲೀಟರ್ ಸಾಮರ್ಥ್ಯದ್ದಾಗಿದ್ದ ಅದನ್ನು ಮುಂದೆ ವಿಸ್ತರಿಸಲಾಯಿತು. ಘಟಕದಿಂದ ಹೊರಬಿದ್ದ ನೀರು ನೇರವಾಗಿ ಕೆರೆಗೆ ಇಳಿಯುವುದಿಲ್ಲ. ಆಳೆತ್ತರದ ಜೊಂಡು ಬೆಳೆದ ಒಂದು ಜೌಗಿನೊಳಗೆ ನಿಧಾನವಾಗಿ ಹಾದು, ಅಲ್ಲಿ ತನ್ನ ಬಣ್ಣವನ್ನೂ ವಾಸನೆಯನ್ನೂ ಅರ್ಧದಷ್ಟು ಬಿಟ್ಟು, ಆಮೇಲೆ ಕೆರೆ ಸೇರುತ್ತದೆ. ಘಟಕದ ಕಡೆಯ ತುದಿಯಲ್ಲಿ ಮೂಗಿಗೆ ಕರವಸ್ತ್ರ ಹಿಡಿದಿದ್ದ ನಮ್ಮ ಗುಂಪಿನ ಹಿರಿಯರೊಬ್ಬರು ಜೊಂಡು ಮುಗಿಯುವ ಕಡೆ ಅದನ್ನು ಮಡಚಿ ಜೇಬಿಗೆ ಇಟ್ಟುಕೊಂಡರು. ವರದಿ ಓದುವುದಕ್ಕಿಂತ ಅದೇ ನನಗೆ ಹೆಚ್ಚು ಮನವರಿಕೆ ಮಾಡಿತು. ಅದೇ ಹೊತ್ತಿಗೆ ಮೀನುಗಾರರು ತೆಪ್ಪದಿಂದ ಬಲೆ ಎಳೆಯುತ್ತಿದ್ದರು.

ಮನೆಗೆ ಬಂದ ಮೇಲೆ ಒಂದು ಹಳೆಯ ಸ್ಟೀಲ್ ತಟ್ಟೆಗೆ ಮೂರು ತೂತು ಕೊರೆದು, ಬಿಳಿ ಬಣ್ಣ ಬಳಿದು, ಬಟ್ಟೆ ಒಣಹಾಕುವ ನೈಲಾನ್ ಹಗ್ಗಕ್ಕೆ ಕಟ್ಟಿ ನಮ್ಮ ಕೆರೆಯ ಕೋಡಿಯ (ತುಂಬಿದ ನೀರು ಹೊರಹರಿಯುವ ಜಾಗ) ಬಳಿ ಇಳಿಬಿಟ್ಟೆ. ಒಂದು ಗೇಣು ಇಳಿಯುವಷ್ಟರಲ್ಲಿ ತಟ್ಟೆ ಕಾಣದಾಯಿತು. ಗೇಣು ಆಳಕ್ಕೆ ಬೆಳಕು ಹೋಗದ ನೀರಿನ ಮೇಲೆ ನಾವು ಕಾರಂಜಿ ಚಿಮ್ಮಿಸಲು ಹೊರಟಿದ್ದೇವೆ. ಮೊದಲು ಒಳಬರುವ ನೀರನ್ನು ಸರಿಪಡಿಸಬೇಕು, ಉಳಿದದ್ದೆಲ್ಲ ಆಮೇಲೆ ಎಂದು ನನಗೀಗ ಅನ್ನಿಸುತ್ತಿದೆ. ಆದರೆ ಮುಂದಿನ ಸಭೆಯಲ್ಲಿ ಇದನ್ನು ಹೇಳುವ ಮುನ್ನ, ಇಂಥ ಕೆಲಸದಲ್ಲಿ ಕೈ ಕೊಳೆ ಮಾಡಿಕೊಂಡವರ ಅನುಭವ ಬೇಕಾಗಿದೆ.

ನಾಮದ ಕೋಳಿ

ದೋಣಿಯ ವಿಷಯವನ್ನು ಮೊದಲು ಮುಗಿಸಿಬಿಡೋಣ. 20 ಎಕರೆಯಲ್ಲಿ ನೀರು ನಿಲ್ಲುವ ಜಾಗ ಹದಿನೈದು ಎಕರೆ ಇದ್ದರೆ ಹೆಚ್ಚು. ಅಷ್ಟರಲ್ಲಿ ಎರಡು ಪೆಡಲ್ ದೋಣಿ ತಿರುಗಾಡಿದರೂ ನವೆಂಬರ್‌ನಿಂದ ಫೆಬ್ರುವರಿಯವರೆಗೆ ಬಂದು ತಂಗುವ ಚಳಿಗಾಲದ ಬಾತುಗಳು ನೀರಿಗೆ ಇಳಿಯುವುದೇ ಇಲ್ಲ. ವರಟೆ, ಗುಳುಮುಳುಕ, ನಾಮದ ಕೋಳಿಗಳಂಥ ಇಲ್ಲಿಯವೇ ಆದ ಹಕ್ಕಿಗಳು ಹೇಗೋ ಹೊಂದಿಕೊಳ್ಳುತ್ತವೆ, ಆದರೆ ಗೂಡು ಕಟ್ಟುವುದನ್ನು ಬಿಡುತ್ತವೆ.

ದೋಣಿಗಿಂತ ದೊಡ್ಡ ಹಾನಿ ನಿಮ್ಮ ಕೆರೆಗೆ ಆಗಲೇ ಆಗಿರಬಹುದು. ನಾನು ಅಲ್ಲಿಗೆ ಎರಡು ಬಾರಿ ಬಂದಿದ್ದೇನೆ. ಹೂಳೆತ್ತುವಾಗ ಗುತ್ತಿಗೆದಾರರು ಕೆರೆಯನ್ನು ಬೋಗುಣಿಯಂತೆ ಸುತ್ತಲೂ ಒಂದೇ ಸಮನಾಗಿ ಕಡಿದು ಆಳ ಮಾಡಿದ್ದಾರೆ. ಕೆರೆ ಎಂದರೆ ಏರಿಯ ಕಡೆ ಆಳ, ಹಿನ್ನೀರಿನ ಕಡೆ ಮೊಣಕಾಲುದ್ದ, ಅದಕ್ಕೂ ಹಿಂದೆ ಪಾದ ಮುಳುಗುವಷ್ಟು ಕೆಸರು. ಕೊಕ್ಕರೆ, ಕೆಂಬರಲು, ಗದ್ದೆಗೊರವಗಳಿಗೆ ಬೇಕಾದದ್ದು ಆ ಕೆಸರೇ. ಬೋಗುಣಿ ಕೆರೆಯಲ್ಲಿ ಮುಳುಗು ಹಾಕುವ ಹಕ್ಕಿ ಬದುಕುತ್ತದೆ, ನಡೆದಾಡುವ ಹಕ್ಕಿ ಬದುಕುವುದಿಲ್ಲ. ಹಣ ಬಂದರೆ ಹಿನ್ನೀರಿನ ಕಡೆ ಅರ್ಧ ಎಕರೆಯಷ್ಟಾದರೂ ದಂಡೆಯನ್ನು ಮತ್ತೆ ಇಳಿಜಾರು ಮಾಡಿಸಿ.

ಪಥದ ದೀಪಗಳ ಬಗ್ಗೆಯೂ ನನಗೆ ತೀವ್ರ ವಿರೋಧವಿದೆ. ರಾತ್ರಿ ಕೆರೆ ಕತ್ತಲೆಯಾಗಿಯೇ ಇರಬೇಕು.

ಸಂಜೆ ಏಳರ ನಡಿಗೆ

ಮೇಲಿನವರ ಕೊನೆಯ ವಾಕ್ಯಕ್ಕೆ ನನ್ನ ಆಕ್ಷೇಪವಿದೆ. ನಾನು ಕಚೇರಿಯಿಂದ ಮನೆ ಸೇರುವಾಗ ಆರೂವರೆ ದಾಟಿರುತ್ತದೆ. ಬೆಳಿಗ್ಗೆ ಮಕ್ಕಳ ಡಬ್ಬಿ, ಶಾಲೆಯ ವ್ಯಾನು. ಆದ್ದರಿಂದ ಕೆರೆಗೆ ನಾನು ಹೋಗಬಹುದಾದದ್ದು ಸಂಜೆ ಏಳಕ್ಕೆ ಮಾತ್ರ. ಆ ಹೊತ್ತಿಗೆ ದಕ್ಷಿಣದ ಗೇಟಿನಿಂದ ಗಂಗಮ್ಮನ ಗುಡಿಯವರೆಗಿನ ಕತ್ತಲೆಯಲ್ಲಿ ಯಾವ ಹೆಣ್ಣುಮಗಳೂ ಒಬ್ಬಳೇ ನಡೆಯುವುದಿಲ್ಲ. ಹಕ್ಕಿ ನೋಡುವವರು ಬೆಳಿಗ್ಗೆ ಆರಕ್ಕೆ ಬೈನಾಕ್ಯುಲರ್ ಹಿಡಿದು ಬರುತ್ತಾರೆ, ಒಂಬತ್ತಕ್ಕೆ ಹೋಗುತ್ತಾರೆ. ಅವರ ಬಳಕೆ ಶುದ್ಧ, ನಮ್ಮದು ತೊಂದರೆ ಎಂಬ ಧ್ವನಿ ಇಂಥ ಪ್ರತಿ ಚರ್ಚೆಯಲ್ಲೂ ಬರುತ್ತದೆ. ನೀರು ಸರಿಯಾಗುವವರೆಗೆ ಕಾಯಿರಿ ಎಂದರೆ ಎಷ್ಟು ವರ್ಷ ಕಾಯಬೇಕೆಂಬುದನ್ನೂ ದಯವಿಟ್ಟು ಹೇಳಬೇಕು. ಕೆರೆಗೆ ಬರಲಾಗದವರು ಕೆರೆಯ ಪರವಾಗಿ ಸಹಿ ಹಾಕಲೂ ಬರುವುದಿಲ್ಲ.

ಕಾಲುವೆ ಲೆಕ್ಕ

ನಾನು ನೀರಾವರಿಗೆ ಸಂಬಂಧಿಸಿದ ಕೆಲಸದಿಂದ ನಿವೃತ್ತನಾದವನು. ದೀಪದ ಜಗಳವನ್ನು ನೀವೇ ಬಗೆಹರಿಸಿಕೊಳ್ಳಿ, ನಾನು ನೀರಿನ ಲೆಕ್ಕವನ್ನು ಮಾತ್ರ ಹೇಳುತ್ತೇನೆ.

ಬೇಸಿಗೆಯಲ್ಲಿ ಬೆಂಗಳೂರಿನ ಕೆರೆಯೊಂದರಿಂದ ದಿನಕ್ಕೆ 5 ಮಿಲಿಮೀಟರ್ ನೀರು ಆವಿಯಾಗುತ್ತದೆ ಎಂದು ಹಿಡಿಯಿರಿ. ಒಂದು ಎಕರೆಗೆ ಅದು ಸುಮಾರು 20 ಸಾವಿರ ಲೀಟರ್. ನಿಮ್ಮ ಕೆರೆಯಲ್ಲಿ 15 ಎಕರೆ ನೀರು ನಿಂತಿದ್ದರೆ ದಿನಕ್ಕೆ 3 ಲಕ್ಷ ಲೀಟರ್ ಗಾಳಿಗೆ ಹೋಯಿತು. ನೆಲಕ್ಕೆ ಇಂಗುವುದು ಬೇರೆ. ನಗರದ ವಾರ್ಷಿಕ ಮಳೆ ಸುಮಾರು 970 ಮಿಲಿಮೀಟರ್. ಅದರ ಬಹುಪಾಲು ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಬೀಳುತ್ತದೆ, ಅಂದರೆ ಆ ಆರು ತಿಂಗಳಲ್ಲಿ ಕಾಲುವೆ ಸರಿಯಾಗಿ ಹರಿದರೆ ಕೆರೆ ತುಂಬುತ್ತದೆ, ಇಲ್ಲವಾದರೆ ಇಲ್ಲ.

ನಗರದ ಬಹಳಷ್ಟು ಕೆರೆಗಳ ಪುನಶ್ಚೇತನದಲ್ಲಿ ನಡೆದ ತಪ್ಪು ಇದು: ಕೊಳಚೆ ಬರುತ್ತದೆ ಎಂದು ಮಳೆನೀರು ತರುವ ರಾಜಕಾಲುವೆಯನ್ನು ಕೆರೆಯ ಸುತ್ತ ಬಳಸಿ ಕೆಳಕ್ಕೆ ತಿರುಗಿಸುತ್ತಾರೆ. ಕೊಳಚೆಯೇನೋ ತಪ್ಪುತ್ತದೆ, ಅದರೊಂದಿಗೆ ಮಳೆನೀರೂ ತಪ್ಪುತ್ತದೆ. ಎರಡು ವರ್ಷದಲ್ಲಿ ಕೆರೆ ಒಣಗಿ ಕ್ರಿಕೆಟ್ ಮೈದಾನವಾಗುತ್ತದೆ, ಇಲ್ಲವೇ ಒಳಗಿನ ನೀರು ಹಸಿರು ಗಂಜಿಯಾಗುತ್ತದೆ. ಹೊರಗಿನ ಕಾಲುವೆಯಲ್ಲಿ ಹೋದ ಕೊಳಚೆ ಸರಪಳಿಯ ಮುಂದಿನ ಕೆರೆಗೆ ಸೇರುತ್ತದೆ, ಏಕೆಂದರೆ ಈ ಊರಿನ ಕೆರೆಗಳು ಒಂದರ ಕೋಡಿ ಇನ್ನೊಂದರ ಒಳಹರಿವಾಗುವಂತೆ ಕಟ್ಟಿದವು. ಯಲಹಂಕದ ನೀರು ಜಕ್ಕೂರಿಗೆ, ಜಕ್ಕೂರಿನದು ರಾಚೇನಹಳ್ಳಿಗೆ, ಅಲ್ಲಿಂದ ಮುಂದೆ ಸಾಗಿ ದಕ್ಷಿಣ ಪಿನಾಕಿನಿಗೆ. ಸರಪಳಿಯ ಕೆಳಭಾಗದಲ್ಲಿ ಏನಾಗುತ್ತದೆ ಎಂಬುದನ್ನು ಇನ್ನೊಂದು ಸರಪಳಿಯ ಬೆಳ್ಳಂದೂರು ಕೆರೆ ತೋರಿಸಿಕೊಟ್ಟಿದೆ. 2015ರಿಂದ 2018ರ ನಡುವೆ ಅಲ್ಲಿ ನೊರೆಯೂ ಎದ್ದಿತು, ಬೆಂಕಿಯೂ ಹತ್ತಿತು.

ಸಾಮಾನ್ಯ ಶುದ್ಧೀಕರಣ ಘಟಕ ಕೊಳಚೆಯ ಸಾವಯವ ಹೊಲಸನ್ನು ಬಹುಮಟ್ಟಿಗೆ ತೆಗೆಯುತ್ತದೆ, ಆದರೆ ಸಾರಜನಕ ಮತ್ತು ರಂಜಕ ನೀರಿನಲ್ಲಿಯೇ ಉಳಿಯುತ್ತವೆ. ಅವು ನೀರಿನ ಮೇಲೆ ಹಬ್ಬುವ ಅಂತರಗಂಗೆ ಕಳೆಗೆ ಗೊಬ್ಬರ. ಜಕ್ಕೂರಿನ ಜೊಂಡಿನ ಜೌಗು ಮಾಡುವ ಕೆಲಸವೆಂದರೆ ಆ ಗೊಬ್ಬರವನ್ನು ಕೆರೆಗೆ ಮುಂಚೆಯೇ ತಿನ್ನುವುದು. ಭಾರತೀಯ ವಿಜ್ಞಾನ ಸಂಸ್ಥೆಯವರು ಆ ವ್ಯವಸ್ಥೆಯನ್ನು ವಿವರವಾಗಿ ಅಧ್ಯಯನ ಮಾಡಿದ್ದಾರೆ. ಆದರೆ ಒಂದು ಷರತ್ತಿದೆ: ಜೊಂಡನ್ನು ಕಾಲಕಾಲಕ್ಕೆ ಕೊಯ್ದು ಹೊರಹಾಕಬೇಕು. ಅಲ್ಲಿಯೇ ಕೊಳೆಯಲು ಬಿಟ್ಟರೆ ತಿಂದದ್ದನ್ನೆಲ್ಲ ವಾಪಸು ಕೊಡುತ್ತದೆ. ಜಕ್ಕೂರೂ ದೋಷವಿಲ್ಲದ ಕೆರೆಯಲ್ಲ, ಅಲ್ಲಿಯೂ ಅಂತರಗಂಗೆ ಹಬ್ಬಿದ್ದುಂಟು.

ನಿಮ್ಮ ಅಳತೆಗೆ ಶುದ್ಧೀಕರಣ ಘಟಕ ಬರುವುದಿಲ್ಲ. ಆದರೆ ಪಕ್ಕದ ಅಪಾರ್ಟ್‌ಮೆಂಟುಗಳಲ್ಲಿ ಘಟಕಗಳಿವೆ. 200 ಮನೆಗಳ ಒಂದು ಸಮುಚ್ಚಯದಿಂದ ದಿನಕ್ಕೆ ಸುಮಾರು 80 ಸಾವಿರ ಲೀಟರ್ ಬಳಸಿದ ನೀರು ಹೊರಬರುತ್ತದೆ. ಅರ್ಧದಷ್ಟನ್ನು ಅವರು ಗಿಡಕ್ಕೂ ಶೌಚಾಲಯಕ್ಕೂ ಬಳಸಿಕೊಂಡರೂ, ಸರಿಯಾಗಿ ಶುದ್ಧೀಕರಿಸಿ ಉಳಿದದ್ದನ್ನು ಒಂದು ಚಿಕ್ಕ ಜೊಂಡಿನ ಪಾತಿಯ ಮೂಲಕ ಕೆರೆಗೆ ಬಿಟ್ಟರೆ ಬೇಸಿಗೆಯ ಆವಿಯ ಒಂದು ಭಾಗವಾದರೂ ತುಂಬುತ್ತದೆ.

ಹಳೇ ಊರು

ನಾವು ಬಡಾವಣೆ ಬರುವ ಮುಂಚಿನಿಂದಲೂ ಈ ಊರಿನವರು. ನಮ್ಮ ತಾತ ನೀರುಗಂಟಿಯಾಗಿದ್ದರು. ತೂಬಿನ ಕಲ್ಲುಕಂಬಗಳ ನಡುವೆ ಇಳಿದು, ಬಾಯಿಗೆ ಹಾಕಿದ ಮರದ ಬಿರಡೆಯನ್ನು ಎತ್ತಿ ಅಚ್ಚುಕಟ್ಟಿಗೆ, ಅಂದರೆ ಕೆರೆಯ ಕೆಳಗಿನ ಗದ್ದೆಗಳಿಗೆ, ನೀರು ಬಿಡುವುದು ಅವರ ಕೆಲಸ. ಯಾರ ಗದ್ದೆಗೆ ಎಷ್ಟು ಹೊತ್ತು ಎಂಬುದು ಅವರ ಬಾಯಲ್ಲಿತ್ತು. ಅದಕ್ಕೆ ಪ್ರತಿಯಾಗಿ ಕೊಯ್ಲಿನಲ್ಲಿ ಪ್ರತಿ ಮನೆಯಿಂದ ಇಷ್ಟು ಸಿವುಡು ಹುಲ್ಲು, ಇಷ್ಟು ಬಳ್ಳ ಭತ್ತ ಬರುತ್ತಿತ್ತು. ಬೇಸಿಗೆಯಲ್ಲಿ ಊರಿನವರೇ ಗಾಡಿ ಕಟ್ಟಿಕೊಂಡು ಬಂದು ಗೋಡು ತುಂಬಿಕೊಂಡು ಹೊಲಕ್ಕೆ ಹಾಕುತ್ತಿದ್ದರು. ಈಗ ನೀವು ಲಕ್ಷಗಟ್ಟಲೆ ಕೊಟ್ಟು ಎತ್ತಿಸುವ ಹೂಳು ಅದೇ.

ಆ ಗದ್ದೆಗಳ ಮೇಲೆ ಈಗ ನಿಮ್ಮ ಮನೆಗಳಿವೆ. ಇದನ್ನು ನಾನು ಸಿಟ್ಟಿನಿಂದ ಹೇಳುತ್ತಿಲ್ಲ, ಗದ್ದೆ ಮಾರಿದವರಲ್ಲಿ ನಮ್ಮ ಮನೆಯವರೂ ಇದ್ದಾರೆ. ಅಚ್ಚುಕಟ್ಟು ಹೋದ ಮೇಲೆ ತೂಬಿಗೆ ಕೆಲಸವಿಲ್ಲ, ನೀರುಗಂಟಿಗೆ ಕೆಲಸವಿಲ್ಲ, ಆದ್ದರಿಂದ ಕೆರೆಯನ್ನು ದಿನಾ ನೋಡುವ ಕಣ್ಣೂ ಇಲ್ಲ. ಬೇಲಿ ಹಾಕಿದ ಮೇಲೆ ಇನ್ನೊಂದು ತೊಂದರೆ ಆಯಿತು. ಗೇಟು ಬೆಳಿಗ್ಗೆ ಒಂಬತ್ತಕ್ಕೆ ಮುಚ್ಚುತ್ತದೆ, ಸಂಜೆ ನಾಲ್ಕಕ್ಕೆ ತೆಗೆಯುತ್ತದೆ. ವಾಕಿಂಗ್ ಮಾಡುವವರಿಗೆ ಅದು ಸರಿಯಾದ ಹೊತ್ತು. ಹಸುವಿಗೆ ಹುಲ್ಲು ಕೊಯ್ಯಲು ಬರುವ ನಮ್ಮ ಅತ್ತೆಗೆ ಬೇಕಾದದ್ದು ಹನ್ನೊಂದು ಗಂಟೆ. ಕಾವಲುಗಾರ ಒಳಗೆ ಬಿಡುವುದಿಲ್ಲ. ಹುಲ್ಲನ್ನು ಆಮೇಲೆ ಯಂತ್ರ ತರಿಸಿ ಕತ್ತರಿಸುತ್ತಾರೆ, ಅದಕ್ಕೆ ಬಿಲ್ಲೂ ಆಗುತ್ತದೆ. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಯಲ್ಲಿ ಹುಲ್ಲು ಕೊಯ್ಯುವವರಿಗೆ ಅವಕಾಶ ಉಳಿಸಿಕೊಂಡಿದ್ದರು ಎಂದು ಕೇಳಿದ್ದೇನೆ. ನಮ್ಮಲ್ಲಿ ಏಕೆ ಆಗಬಾರದು?

ಏರಿ ನಡಿಗೆ

‘ಹಳೇ ಊರು’ ಅವರ ಮಾತು ನಮ್ಮ ಸಂಘದ ಯಾವ ನಡಾವಳಿಯಲ್ಲೂ ಇಲ್ಲ. ಗೇಟಿನ ಸಮಯವನ್ನು ನಿರ್ಧರಿಸಿದ ಸಭೆಯಲ್ಲಿ ನಾನಿದ್ದೆ. ಅಲ್ಲಿ ಹಸು ಸಾಕಿದವರು ಒಬ್ಬರೂ ಇರಲಿಲ್ಲ, ಯಾರನ್ನೂ ಕರೆದಿರಲಿಲ್ಲ. ಇದನ್ನು ಮುಂದಿನ ಸಭೆಯ ಮೊದಲ ವಿಷಯವಾಗಿ ಬರೆದುಕೊಂಡಿದ್ದೇನೆ.

‘ಕಾಲುವೆ ಲೆಕ್ಕ’ ಅವರು ಜೊಂಡಿನ ಬಗ್ಗೆ ಹೇಳಿದ್ದು ಓದುವಾಗ ಹೋದ ವರ್ಷದ ಒಂದು ಭಾನುವಾರ ನೆನಪಾಯಿತು. ನಲವತ್ತು ಮಂದಿ ಸೇರಿ ಅಂತರಗಂಗೆ ಎಳೆದೆವು, ಫೋಟೊ ತೆಗೆಸಿಕೊಂಡೆವು, ಇಡ್ಲಿ ತಿಂದೆವು. ಎಳೆದ ರಾಶಿಯನ್ನು ದಂಡೆಯ ಮೇಲೆ ಆಳೆತ್ತರಕ್ಕೆ ಪೇರಿಸಿ, ಲಾರಿ ಬರುತ್ತದೆ ಎಂದುಕೊಂಡು ಮನೆಗೆ ಹೋದೆವು. ಲಾರಿ ಬರಲಿಲ್ಲ. ಎರಡು ವಾರದ ನಂತರದ ಮಳೆಗೆ ರಾಶಿಯ ಅರ್ಧ ಭಾಗ ನೀರಿಗೆ ಮರಳಿ ಜಾರಿತು, ಉಳಿದರ್ಧ ಅಲ್ಲಿಯೇ ಕೊಳೆತು ಕಪ್ಪು ರಸವಾಗಿ ಇಳಿಯಿತು. ಅದಾಗಿ ಮೂರು ತಿಂಗಳಲ್ಲಿ ಕೆರೆ ಮೊದಲಿಗಿಂತ ಹೆಚ್ಚು ಹಸಿರಾಗಿತ್ತು. ಕಾರಣ ಏನೆಂದು ಆಗ ನಮಗೆ ಹೊಳೆದಿರಲಿಲ್ಲ.

ದಕ್ಷಿಣದ ಕೆರೆ

ನಮ್ಮ ಕಡೆಯ ಪುಟ್ಟೇನಹಳ್ಳಿ ಕೆರೆಯ ಅನುಭವ ನಿಮಗೆ ಹತ್ತಿರವಾಗಬಹುದು, ಏಕೆಂದರೆ ಅದು ಜಕ್ಕೂರಿನಂತೆ ದೊಡ್ಡದಲ್ಲ. ಜೆ.ಪಿ. ನಗರ 7ನೇ ಹಂತದಲ್ಲಿರುವ ಅದರ ವಿಸ್ತೀರ್ಣ 13 ಎಕರೆ 25 ಗುಂಟೆ. ನಿವಾಸಿಗಳು 2010ರಲ್ಲಿ ಒಂದು ಟ್ರಸ್ಟ್ ಮಾಡಿಕೊಂಡರು, 2011ರಲ್ಲಿ ಅಂದಿನ ಮಹಾನಗರ ಪಾಲಿಕೆಯೊಂದಿಗೆ ನಿರ್ವಹಣೆಯ ಒಡಂಬಡಿಕೆ ಮಾಡಿಕೊಂಡರು. ನಾಗರಿಕರ ಗುಂಪೊಂದಕ್ಕೆ ಪಾಲಿಕೆ ಕೆರೆಯ ನಿರ್ವಹಣೆಯನ್ನು ವಹಿಸಿದ್ದು ಅದೇ ಮೊದಲು. ಸುತ್ತಲೂ ಕಟ್ಟಡಗಳು ಎದ್ದು ಮಳೆನೀರಿನ ದಾರಿಗಳು ಮುಚ್ಚಿಹೋಗಿದ್ದರಿಂದ, ಪಕ್ಕದ ಅಪಾರ್ಟ್‌ಮೆಂಟ್ ಸಮುಚ್ಚಯದ ಶುದ್ಧೀಕರಿಸಿದ ನೀರನ್ನು ಕೆರೆಗೆ ತರುವ ಏರ್ಪಾಡನ್ನು ಅವರು ಮಾಡಿದರು. ಮೇಲೆ ‘ಕಾಲುವೆ ಲೆಕ್ಕ’ ಅವರು ಹೇಳಿದ್ದು ಕಾಗದದ ಲೆಕ್ಕ ಮಾತ್ರವಲ್ಲ ಎಂದು ತಿಳಿಸಲು ಇದನ್ನು ಬರೆದೆ.

ಕಾನೂನಿನ ಮಾತನ್ನೂ ಸೇರಿಸುತ್ತೇನೆ. 2020ರ ಹೈಕೋರ್ಟ್ ಆದೇಶದ ನಂತರ ಇಂಥ ಒಡಂಬಡಿಕೆಗಳ ನವೀಕರಣ ವರ್ಷಗಟ್ಟಲೆ ನಿಂತುಹೋಯಿತು. ಆ ಅವಧಿಯಲ್ಲಿ ಅನೇಕ ಗುಂಪುಗಳು ಅಧಿಕಾರವಿಲ್ಲದೆ, ಆದರೆ ಕೆಲಸ ಬಿಡಲೂ ಆಗದೆ ಮುಂದುವರಿದವು. 2025ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯೇ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ನಗರಪಾಲಿಕೆಗಳು ಬಂದಿವೆ. ಆದ್ದರಿಂದ ನಿಮ್ಮ ಅರ್ಜಿ ಯಾವ ಮೇಜಿಗೆ ಹೋಗಬೇಕೆಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ಕೆರೆಯ ಗಡಿಯ ವಿಷಯದಲ್ಲಿ ಹಸಿರು ನ್ಯಾಯಮಂಡಳಿ 2016ರಲ್ಲಿ ಸುತ್ತಲೂ ಕಟ್ಟಡ ಕಟ್ಟದೆ ಬಿಡಬೇಕಾದ 75 ಮೀಟರ್ ಮೀಸಲು ಪ್ರದೇಶ ಎಂದಿತ್ತು, ಸುಪ್ರೀಂ ಕೋರ್ಟ್ 2019ರಲ್ಲಿ ಅದನ್ನು ರದ್ದುಪಡಿಸಿತು. 75 ಮೀಟರ್ ಎಂದು ಬರೆದು ದೂರು ಕೊಟ್ಟರೆ ಮೊದಲ ಪುಟದಲ್ಲಿಯೇ ಬಿದ್ದುಹೋಗುತ್ತದೆ. ನಮ್ಮ ಗುಂಪಿನ ದೂರೊಂದು ಹಾಗೆಯೇ ಬಿದ್ದಿದೆ.

ಗಡಿ ತಿಳಿಯಲು ದಿಶಾಂಕ್ ಆ್ಯಪ್ ನೋಡಿ. ಕೆರೆಯ ಏರಿಯ ಮೇಲೆ ನಿಂತು ತೆರೆದರೆ ನಿಂತ ಜಾಗದ ಸರ್ವೆ ನಂಬರು, ಹಳೆಯ ಗ್ರಾಮ ನಕಾಶೆಯಲ್ಲಿದ್ದ ಕೆರೆ, ಹಳ್ಳ, ಕಾಲುವೆಗಳ ಗೆರೆ ಕಾಣುತ್ತದೆ. ಅದು ಪುರಾವೆಯಲ್ಲ, ಆದರೆ ಎಲ್ಲಿ ಅಳತೆ ಕೇಳಬೇಕೆಂಬುದು ತಿಳಿಯುತ್ತದೆ.

ಮಾನಸಗಂಗೋತ್ರಿ ಕಡೆಯವಳು

ಮೈಸೂರಿನಿಂದ ಬರೆಯುತ್ತಿದ್ದೇನೆ. ನಮ್ಮ ಕುಕ್ಕರಹಳ್ಳಿ ಕೆರೆಯನ್ನು 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದರು. ಈಗ ಅದು ವಿಶ್ವವಿದ್ಯಾನಿಲಯದ ಸುಪರ್ದಿನಲ್ಲಿದೆ. ಇಲ್ಲಿ ನಡಿಗೆ ಎಂಬುದು ಊರಿನ ಸ್ವಭಾವದ ಭಾಗ. ಬೆಳಿಗ್ಗೆ ಏರಿಯ ಮೇಲೆ ಹೋದರೆ ಅರ್ಧ ಮೈಸೂರಿಗೆ ನಮಸ್ಕಾರ ಹೇಳಬೇಕಾಗುತ್ತದೆ. ಹೆಜ್ಜಾರ್ಲೆಗಳು ನಡುಗಡ್ಡೆಯ ಮರಗಳ ಮೇಲೆ ಗೂಡು ಕಟ್ಟುವುದನ್ನು ಊರಿನವರು ದಂಡೆಯಿಂದಲೇ ನೋಡುತ್ತಾರೆ. ಆದರೂ ಕೆರೆಗೆ ನೀರು ತರುತ್ತಿದ್ದ ಪೂರ್ಣಯ್ಯ ನಾಲೆ ಬಡಾವಣೆಗಳ ನಡುವೆ ಸಿಕ್ಕಿ ತುಂಡುತುಂಡಾಯಿತು, ಕೊಳಚೆ ನುಸುಳುವುದು ದಶಕಗಳ ದೂರಾಗಿ ಉಳಿಯಿತು. ಇಷ್ಟು ಪ್ರೀತಿಸುವ ಜನರಿರುವ ಕೆರೆಗೇ ಹೀಗಾಗಿದೆ. ಪ್ರೀತಿಯೆಲ್ಲ ಏರಿಯ ಮೇಲಿತ್ತು, ನಾಲೆಯ ದಂಡೆಯ ಮೇಲೆ ಯಾರೂ ವಾಕಿಂಗ್ ಹೋಗುತ್ತಿರಲಿಲ್ಲ.

ಬಲೆ

ಮೀನಿನ ಬಗ್ಗೆ ಯಾರೂ ಹೇಳದಿರುವುದರಿಂದ ಬರೆಯುತ್ತೇನೆ. ನಿಮ್ಮ ಕೆರೆಯಲ್ಲಿ ಬೇಸಿಗೆಯ ಮೊದಲ ಮಳೆಯ ಮರುದಿನ ಬೆಳಿಗ್ಗೆ ಮೀನು ತೇಲಿದ್ದರೆ ಯಾರೋ ವಿಷ ಹಾಕಿದರು ಎಂದು ಹೇಳುವ ಮುನ್ನ ನೀರಿನ ಆಮ್ಲಜನಕ ನೋಡಿ. ಹಸಿರು ಪಾಚಿ ಹಗಲಲ್ಲಿ ಆಮ್ಲಜನಕ ಕೊಡುತ್ತದೆ, ರಾತ್ರಿ ಅದೇ ಎಳೆದುಕೊಳ್ಳುತ್ತದೆ. ಬೆಳಗಿನ ಜಾವಕ್ಕೆ ಅದು ತೀರಾ ಕಡಿಮೆ. ಅದರ ಮೇಲೆ ಮೊದಲ ಮಳೆ ಕಾಲುವೆಯಲ್ಲಿ ತಿಂಗಳುಗಟ್ಟಲೆ ಕುಳಿತ ಹೊಲಸನ್ನೆಲ್ಲ ಒಮ್ಮೆಗೇ ತಂದು ಸುರಿಯುತ್ತದೆ, ತಳದ ಕೆಸರನ್ನೂ ಕದಡುತ್ತದೆ. ಲೀಟರಿಗೆ 4 ಮಿಲಿಗ್ರಾಂ ಆಮ್ಲಜನಕವಾದರೂ ಇರಬೇಕೆಂಬುದು ಮೀನುಗಾರಿಕೆಯ ನೀರಿಗೆ ನಿಗದಿಯಾದ ಮಾನದಂಡ. ಮಧ್ಯಾಹ್ನ ಅಳೆದರೆ ಎಲ್ಲ ಕೆರೆಯೂ ಪಾಸಾಗುತ್ತದೆ, ಬೆಳಿಗ್ಗೆ ಐದೂವರೆಗೆ ಅಳೆಯಿರಿ.

ಬಲೆ ಹಾಕುವವರನ್ನು ಓಡಿಸಬೇಡಿ. ಗುತ್ತಿಗೆ ಹಿಡಿದು ಕಾಟ್ಲಾ, ರೋಹು ಮರಿ ಬಿಟ್ಟವನಿಗೆ ಆ ನೀರು ಕೆಟ್ಟರೆ ಅದೇ ದಿನ ನಷ್ಟ. ಯಾವ ಟ್ಯಾಂಕರ್ ರಾತ್ರಿ ಎಷ್ಟು ಗಂಟೆಗೆ ಬಂತೆಂದು ಸಿಸಿಟಿವಿಗಿಂತ ಮೊದಲು ಅವನಿಗೆ ಗೊತ್ತಿರುತ್ತದೆ. ಆದರೆ ಆಫ್ರಿಕನ್ ಕ್ಯಾಟ್‌ಫಿಶ್ ಬಿಡುವವರನ್ನು ಮಾತ್ರ ತಡೆಯಿರಿ. ಅದಕ್ಕೆ ನಿಷೇಧವಿದೆ, ಒಮ್ಮೆ ಸೇರಿದರೆ ಉಳಿದ ಮೀನುಗಳನ್ನು ತಿಂದು ಹಾಕುತ್ತದೆ. ಬ್ರೆಡ್ಡು, ಮಂಡಕ್ಕಿ ಎಸೆಯುವವರಿಗೂ ಒಂದು ಫಲಕ ಹಾಕಿಸಿ.

ಕಾಲುವೆ ಲೆಕ್ಕ

ಒಂದು ಎಚ್ಚರಿಕೆ ಬಿಟ್ಟುಹೋಗಿತ್ತು. ಏರಿಯ ಮೇಲೆ ದೊಡ್ಡ ಮರದ ಸಸಿ ನೆಡಬೇಡಿ. ಅದು ಮಣ್ಣಿನ ಕಟ್ಟು. ಬೇರು ಸತ್ತು ಕೊಳೆತ ದಾರಿಯಲ್ಲಿ ನೀರು ಜಿನುಗಲು ಶುರುವಾದರೆ ಏರಿ ಒಡೆಯುತ್ತದೆ. ಮರಕ್ಕೆ ಜಾಗ ಏರಿಯ ಕೆಳಗಿನ ಗುಂಡುತೋಪು.

ಏರಿ ನಡಿಗೆ

ಹೋದ ಆಗಸ್ಟಿನಲ್ಲಿ ಏರಿಯ ಮೇಲೆಯೇ 60 ಹೊಂಗೆ ನೆಟ್ಟಿದ್ದೇವೆ. ಇನ್ನೂ ಮೊಣಕಾಲೆತ್ತರ ಇವೆ. ಈ ಮಳೆಗಾಲಕ್ಕೆ ಕಿತ್ತು ಕೆಳಕ್ಕೆ ಸಾಗಿಸುತ್ತೇವೆ.

ಸಂಜೆ ಏಳರ ನಡಿಗೆ

ನೀರಿನ ಲೆಕ್ಕವನ್ನು ಓದಿದೆ, ಒಪ್ಪುತ್ತೇನೆ. ಆದರೆ ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲ. ಆದ್ದರಿಂದ ನಾನೇ ಒಂದು ಪ್ರಸ್ತಾಪ ಇಡುತ್ತೇನೆ. ಕೆರೆಯ ಸುತ್ತ ಪೂರ್ತಿ ದೀಪ ಬೇಡ. ದಕ್ಷಿಣದ ಗೇಟಿನಿಂದ ಗುಡಿಯವರೆಗಿನ ತುಂಡಿಗೆ ಮಾತ್ರ, ಸೊಂಟದೆತ್ತರದ, ಬೆಳಕು ನೆಲಕ್ಕೆ ಬೀಳುವಂತೆ ಮೇಲೆ ಮುಚ್ಚಿದ ಹಳದಿ ದೀಪ, ರಾತ್ರಿ ಎಂಟೂವರೆಗೆ ತಾನಾಗಿಯೇ ಆರುವಂತೆ. ಹಿನ್ನೀರಿನ ಕಡೆ ಒಂದೂ ಬೇಡ. ಅಲ್ಲಿ ಸಂಜೆ ನಾವೂ ಹೋಗುವುದಿಲ್ಲ.

ನಾಮದ ಕೋಳಿ

ಹಳದಿ, ಮೇಲೆ ಮುಚ್ಚಿದ್ದು, ಎಂಟೂವರೆಗೆ ಆರುವುದು: ಇಷ್ಟು ಬರಹದಲ್ಲಿ ಬಂದರೆ ನನ್ನ ವಿರೋಧವಿಲ್ಲ. ಹಿಂದಿನ ಸಂದೇಶದಲ್ಲಿ ನನ್ನ ಧಾಟಿ ಗಡಸಾಗಿತ್ತು, ಕ್ಷಮಿಸಿ. ಜನವರಿಯ ನೀರುಹಕ್ಕಿ ಗಣತಿಗೆ ಎಣಿಸಲು ಬರುವವರು ನಮ್ಮಲ್ಲಿ ಯಾವಾಗಲೂ ಕಡಿಮೆ. ದೀಪ ಹಾಕುವ ಮುಂಚಿನ ಒಂದು ವರ್ಷ, ಹಾಕಿದ ನಂತರದ ಒಂದು ವರ್ಷ ನೀವೇ ನಮ್ಮೊಂದಿಗೆ ಎಣಿಸಿದರೆ ಯಾರ ಊಹೆ ಸರಿ ಎಂಬುದೂ ತಿಳಿಯುತ್ತದೆ.

ದಕ್ಷಿಣದ ಕೆರೆ

ಗಣಪತಿ ವಿಸರ್ಜನೆಗೆ ಪ್ರತ್ಯೇಕ ಕಲ್ಯಾಣಿ ಇದೆಯೇ? ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಮೂರ್ತಿಗಳ ಮೇಲಿನ ನಿಷೇಧ 2016ರಿಂದಲೂ ಇದೆ, ಆದರೆ ಹಬ್ಬದ ರಾತ್ರಿ ಗೇಟಿನಲ್ಲಿ ನಿಂತು ಲಾರಿಯವರಿಗೆ ಅದನ್ನು ವಿವರಿಸುವವರು ಯಾರೆಂಬುದನ್ನು ಆಗಸ್ಟಿಗೆ ಮುಂಚೆಯೇ ಗೊತ್ತುಮಾಡಿಕೊಳ್ಳಿ. ಆ ರಾತ್ರಿ ಹನ್ನೊಂದಕ್ಕೆ ನಿರ್ಧರಿಸಲು ಹೋದರೆ ಆಗುವುದಿಲ್ಲ.

ಏರಿ ನಡಿಗೆ

ಕಲ್ಯಾಣಿ ಇದೆ, ಆದರೆ ಅದರೊಳಗೆ ಈಗ ಕಟ್ಟಡದ ಅವಶೇಷ ತುಂಬಿದೆ. ಪಟ್ಟಿಗೆ ಸೇರಿಸಿಕೊಂಡೆ.

ನಿನ್ನೆ ಬೆಳಿಗ್ಗೆ ನಾವು ಆರು ಮಂದಿ, ‘ಹಳೇ ಊರು’ ಅವರೂ ಸೇರಿ, ಕೆರೆಯ ಒಳಹರಿವಿನಿಂದ ರಾಜಕಾಲುವೆಯ ಗುಂಟ ಮೇಲಕ್ಕೆ ನಡೆದೆವು. ಈ ಬಡಾವಣೆಯಲ್ಲಿ ಹನ್ನೊಂದು ವರ್ಷದಿಂದ ಇದ್ದೂ ಆ ದಾರಿಯಲ್ಲಿ ನಾನು ಹೆಜ್ಜೆ ಇಟ್ಟಿರಲಿಲ್ಲ. ಮೊದಲ ಮೋರಿಯವರೆಗೆ ಕಾಂಕ್ರೀಟ್ ಗೋಡೆ, ತಳದಲ್ಲಿ ಅಂಗೈ ಅಗಲ ಹರಿಯುವ ನೀರು. ಅಷ್ಟೇನೂ ಕಪ್ಪಾಗಿರಲಿಲ್ಲ. ಎರಡನೆಯ ಮೋರಿಯಲ್ಲಿ ಪ್ಲಾಸ್ಟಿಕ್ ಚೀಲ, ಎಳನೀರು ಬುರುಡೆ, ಹಾಸಿಗೆಯೊಂದು ಸಿಕ್ಕಿ ಅರ್ಧ ಬಾಯಿ ಮುಚ್ಚಿತ್ತು. ಮೂರನೆಯದರ ಹಿಂದೆ ಎಡಗೋಡೆಯಲ್ಲಿ ಆರು ಇಂಚಿನ ಪಿವಿಸಿ ಪೈಪು. ಬಾಯಿಯ ಸುತ್ತ ಬೂದು ಲೋಳೆ, ಹೊರಬರುವ ನೀರು ಬೆಚ್ಚಗಿತ್ತು, ಸೋಪಿನ ವಾಸನೆ ಬರುತ್ತಿತ್ತು. ‘ಹಳೇ ಊರು’ ಅವರು ಬಕೆಟ್ ಹಿಡಿದು ನಿಂತರು, ನಾನು ಫೋನಿನಲ್ಲಿ ಸಮಯ ನೋಡಿದೆ: 10 ಲೀಟರ್ ಬಕೆಟ್ ತುಂಬಲು 8 ಸೆಕೆಂಡು. ಬೆಳಗಿನ ಹೊತ್ತಾದ್ದರಿಂದ ಹರಿವು ಹೆಚ್ಚಿದ್ದೀತು, ಆದರೂ ದಿನದಲ್ಲಿ ನಾಲ್ಕೇ ತಾಸು ಹೀಗೆ ಹರಿದರೂ 18 ಸಾವಿರ ಲೀಟರ್ ಆಗುತ್ತದೆ. ಅದಕ್ಕಿಂತ ಮೇಲೆ ಕಾಲುವೆ ಬಹುಮಟ್ಟಿಗೆ ಒಣಗಿತ್ತು. ಅಂದರೆ ಮಳೆ ಇಲ್ಲದ ದಿನಗಳಲ್ಲಿ ನಮ್ಮ ಕೆರೆಗೆ ಬರುವ ಕೊಳಚೆಯ ಬಹುಭಾಗ ಈ ಒಂದು ಪೈಪಿನದು. ಇಷ್ಟು ವರ್ಷ ಕೆರೆಯೊಳಗೆ ಕೈ ಹಾಕಿ ಎಳೆದದ್ದೆಲ್ಲ ಇಲ್ಲಿಂದ ಹುಟ್ಟುತ್ತಿತ್ತು. ಪೈಪು ಯಾರದ್ದೆಂದು ಇಲ್ಲಿ ಬರೆಯುವುದಿಲ್ಲ. ಮೊದಲು ಅವರೊಂದಿಗೆ ಮಾತನಾಡುತ್ತೇವೆ. ಒಳಚರಂಡಿ ಸಂಪರ್ಕ ಅವರ ಮನೆಯ ಮುಂದಿನ ರಸ್ತೆಯಲ್ಲಿಯೇ ಇದೆ.

ಕಾರಂಜಿ, ದೋಣಿ ಎರಡನ್ನೂ ಪಟ್ಟಿಯಿಂದ ತೆಗೆಯುವ ಪ್ರಸ್ತಾಪವನ್ನು ಸಭೆಗೆ ಇಡುತ್ತಿದ್ದೇನೆ. ಉಳಿಯುವುದು ಇಷ್ಟು: ಮೂರು ಮೋರಿಗಳಿಗೆ ಕಸ ತಡೆಯುವ ಸರಳು, ಒಳಹರಿವಿನ ಬಾಯಲ್ಲಿ ಹೂಳುಗುಂಡಿ ಮತ್ತು ಜೊಂಡಿನ ಪಾತಿ, ಹಿನ್ನೀರಿನ ದಂಡೆಯ ಇಳಿಜಾರು, ಗೇಟಿನಿಂದ ಗುಡಿಯವರೆಗೆ ಹಳದಿ ದೀಪ. ಗೇಟಿನ ಸಮಯದ ಚರ್ಚೆಗೆ ಹುಲ್ಲು ಕೊಯ್ಯುವವರನ್ನು ಕರೆದಿದ್ದೇವೆ, ಸಭೆಯನ್ನು ಅವರ ಅನುಕೂಲಕ್ಕೆ ಮಧ್ಯಾಹ್ನ ಹನ್ನೆರಡಕ್ಕೆ ಇಟ್ಟಿದ್ದೇವೆ. ಕಚೇರಿಗೆ ಹೋಗುವವರು ಒಂದು ದಿನ ಹೊಂದಿಸಿಕೊಳ್ಳಬೇಕು.

ಹಳೇ ಊರು

ಅತ್ತೆಗೆ ಹೇಳಿದ್ದೇನೆ. ಬರುತ್ತೇನೆಂದಳು, ಆದರೆ ಹಸುವಿಗೆ ನೀರು ಇಟ್ಟು ಬರಬೇಕಾದ್ದರಿಂದ ಹತ್ತು ನಿಮಿಷ ತಡವಾದೀತು. ತೂಬಿನ ಬಾಯಿಯ ಕಲ್ಲನ್ನು ಹೂಳಿನೊಳಗೆ ನೋಡಿದ್ದೇನೆ, ಎರಡು ಕಂಬಗಳೂ ನೆಟ್ಟಗಿವೆ. ಅಗೆಯುವ ದಿನ ನನ್ನನ್ನು ಕರೆಯಿರಿ, ಬಿರಡೆ ಯಾವ ಕಡೆಗೆ ತಿರುಗುತ್ತದೆಂದು ನನಗೆ ಗೊತ್ತು.

ಏರಿ ನಡಿಗೆ

ಬರುವ ಭಾನುವಾರ ಬೆಳಿಗ್ಗೆ ಐದೂವರೆಗೆ ಕೋಡಿಯ ಬಳಿ ಸೇರುತ್ತೇವೆ. ‘ಬಲೆ’ ಅವರು ಆಮ್ಲಜನಕ ಅಳೆಯುವ ಕಿಟ್ ತರುತ್ತಾರೆ, ನನ್ನ ಬಳಿ ಬಿಳಿ ತಟ್ಟೆ ಇದೆ. ಹಗ್ಗ ಸಾಲದು, ಇನ್ನೊಂದು 30 ಮೀಟರಿನಷ್ಟು ಯಾರ ಮನೆಯಲ್ಲಾದರೂ ಇದ್ದರೆ ತನ್ನಿ.